ಸುಳ್ಳು ನಲವತ್ತೊಂದು

ವೂಚ್ ಎಂದರೆ ದೋಣಿ. ಅದೇ ನಮ್ಮೂರಿನ ಹೆಸರು.
ತೇಲಿಸಲು ನದಿಯಿಲ್ಲ; ಇದ್ದ ತೊರೆಯನ್ನು ಗಿರಣಿಗಳು ಕುಡಿದವು,
ಮಿಕ್ಕಿದ್ದನ್ನು ರಸ್ತೆಯಡಿ ಹೂತರು.
ಇಪ್ಪತ್ತಾರು ವರ್ಷ ನಾನಲ್ಲಿ ನೂಲು ಕಾದೆ.
ಗಿರಣಿ ಈಗ ಅಂಗಡಿ ಸಾಲು.
ನಾನು ನೆಲಮಾಳಿಗೆಯಲ್ಲಿ,
ಕಲ್ಲಿದ್ದಲ ಕಪ್ಪು ಬಿಡದ ಗೋಡೆಗೆ ಬೆನ್ನು ಕೊಟ್ಟು
ಮತ್ತೆ ನೂಲು ತೆಗೆಯುತ್ತೇನೆ, ಪ್ಲಾಸ್ಟಿಕ್ಕಿನದು.

ಒಂದು ಉಕ್ಕಿನ ಕೊಳವೆ,
ಒಳಗೆ ಮರ ಕೊರೆಯುವ ಉದ್ದನೆ ಬೈರಿಗೆ,
ಹಳೆ ಕಾರಿನ ವೈಪರ್ ಮೋಟಾರು,
ತುದಿಗೆ ಸೊಂಟಪಟ್ಟಿಯಂತೆ ಬಿಗಿದ ಹೀಟರು.
ಗ್ರಂಥಾಲಯದ ಪ್ರಿಂಟರಿನಲ್ಲಿ ಹುಡುಗರು ಕೆಡಿಸಿ ಎಸೆದ
ಸೊಂಡಿಲಿಲ್ಲದ ಆನೆ, ಅರ್ಧ ಕೋಟೆ, ಸೊಟ್ಟ ಚಮಚ
ಮಾಂಸ ಅರೆಯುವ ಯಂತ್ರದಲ್ಲಿ ನುಚ್ಚಾಗಿ
ಈ ಕಡೆ ಹೊಕ್ಕು ಆ ಕಡೆ ದಾರವಾಗಬೇಕು.
ನೂರೆಂಬತ್ತು ಡಿಗ್ರಿ. ಕಡಿಮೆಯಾದರೆ ಕಗ್ಗಂಟು.
ಹೆಚ್ಚಾದರೆ ಏನೆಂದು ಆ ಮಂಗಳವಾರದವರೆಗೆ ತಿಳಿದಿರಲಿಲ್ಲ.

ಮೀಟರು ನಲವತ್ತೊಂದು ಎಂದಿತು. ನಂಬಿದೆ.
ಹೀಟರೂ ನಂಬಿತು.
ಇನ್ನೂ ಚಳಿ, ಇನ್ನೂ ಚಳಿ ಎಂದು ಅದು ಹೇಳುತ್ತಲೇ ಇತ್ತು,
ಇದು ಉರಿಯುತ್ತಲೇ ಇತ್ತು.
ಟೇಪಿನಲ್ಲಿ ಅಂಟಿಸಿದ್ದ ಸೆನ್ಸರು ಕಳಚಿ
ಗಾಳಿಯಲ್ಲಿ ಜೋತು ಗಾಳಿಯ ಸುದ್ದಿ ಹೇಳುತ್ತಿತ್ತು.
ಸುಳ್ಳಾಡಲಿಲ್ಲ ಅದು.
ಮುಟ್ಟಿದ್ದನ್ನು ಹೇಳಿತು, ಅಷ್ಟೇ.

ಹೊಗೆಯ ವಾಸನೆಗೆ ಮೂರನೇ ಮಹಡಿಯಿಂದ ವೀಟೋಲ್ಡ್ ಇಳಿದ,
ಟ್ರಾಮ್ ಡಿಪೋದ ಹಳೆ ಎಲೆಕ್ಟ್ರಿಷಿಯನ್.
ಬೈಯಲಿಲ್ಲ. ವೈರನ್ನು ಎರಡೂ ತುದಿಗೆ ಕಿತ್ತು
ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ.
"ಇದು ಜೇಬಲ್ಲಿರುವಾಗಷ್ಟೇ ಕೊಳವೆಗೆ ಕೈ."

ಮಾರನೆಯ ದಿನ, ಉಕ್ಕು ತಣಿದ ಮೇಲೆ,
ಡ್ರಿಲ್ಲಿನ ಮೊನೆಗೆ ಕೆಂಪು ಟೇಪು ಸುತ್ತಿದ:
ಗೋಡೆಯ ಅರ್ಧದವರೆಗೆ, ಅದರಾಚೆ ಕೂದಲೆಳೆಯಷ್ಟೂ ಇಲ್ಲ.
ಆಚೆ ಹೋದರೆ ಕರಗಿದ್ದು ಹೊರಗೆ ಇಣುಕುತ್ತದೆ.
ಗೂಡಿಗೆ ಇಳಿಸುವ ಮೊದಲು, ಹೀಟರಿಗೆ ಕರೆಂಟು ಕೊಡದೆ,
ಸೆನ್ಸರಿನ ಮೊನೆಯನ್ನು ನನ್ನ ಚಹಾದ ಲೋಟಕ್ಕೆ ಅದ್ದಿದ.
ಇಪ್ಪತ್ತು. ಎಂಟು. ಸೊನ್ನೆಯ ಕೆಳಗೆ.
ಹಬೆಯಾಡುವ ಚಹಾ ಹಿಮವಾಗುತ್ತಿತ್ತು!
ತಂತಿಗಳು ಅದಲುಬದಲು. ನಕ್ಕೆವು. ಸರಿಪಡಿಸಿ
ಚಹಾ ಚೆಲ್ಲಿದೆವು.

ಮೊನೆ ತಳ ಮುಟ್ಟಿ ಕೂತಿತು. ಮೇಲೆ ಸ್ಕ್ರೂ.
ತಂತಿಗೆ ಗಾಜಿನ ನೂಲಿನ ಅಂಗಿ (ಯಾರು ನೇಯ್ದರೋ ಅದನ್ನು),
ಗೇಣು ದೂರದಲ್ಲಿ ಒಂದು ಕ್ಲಿಪ್ಪು.
"ಯಾರಾದರೂ ಎಡವಿ ಎಳೆದರೆ ಕ್ಲಿಪ್ಪು ನರಳಲಿ.
ಮೊನೆಗೆ ಗೊತ್ತೇ ಆಗಬಾರದು."
ಹೀಟರಿನ ತಂತಿಗೆ ಬೇರೆ ದಾರಿ. ಕೊಳವೆಗೆ ಅರ್ತಿಂಗ್.
ಆಮೇಲೆ ಮಾತ್ರೆಯಷ್ಟು ಚಿಕ್ಕ ಫ್ಯೂಸೊಂದನ್ನು ತೋರಿಸಿದ:
"ಎರಡನೇ ಸಾಕ್ಷಿ. ಇದಕ್ಕೆ ಅಂಕೆ ಬಾರದು.
ಮಿತಿ ಮೀರಿದರೆ ಸಾಯುತ್ತದೆ, ಕರೆಂಟನ್ನೂ ಕರೆದೊಯ್ಯುತ್ತದೆ."

ಅದನ್ನು ಹಿಡಿದ ಬೆರಳಿನಲ್ಲಿ ಕಂದು ಗಾಯ ಕಂಡೆ.
"ಒಲೆ," ಎಂದ.
"ಯಾವಾಗ?"
"ವಾಸನೆ ಬಂದ ಮೇಲೆ ತಿಳಿಯಿತು.
ಸಕ್ಕರೆ ಕಾಯಿಲೆ. ಬೆರಳು ಈಗ ಏನನ್ನೂ ಹೇಳುವುದಿಲ್ಲ."
ಸ್ಕ್ರೂ ಇನ್ನೊಂದು ಸುತ್ತು ತಿರುಗಿಸಿದ.

ಗಿರಣಿಯಲ್ಲಿ ಗೆನೊವೆಫಾ ಎಂಬ ಮೇಸ್ತ್ರಿಣಿ
ನೂಲನ್ನು ತುಟಿಗೆ ತಾಗಿಸಿ ತೇವ ಹೇಳುತ್ತಿದ್ದಳು.
ಬೂದು ದಾರ ಬಾಯಿಂದ ಇಳಿಯತೊಡಗಿದಾಗ
ನನ್ನ ಕೈ ತಾನಾಗಿ ಎದ್ದಿತು.
"ಮುಟ್ಟಬೇಡ," ಎಂದ ವೀಟೋಲ್ಡ್, "ಓದು."
ನೂರೆಂಬತ್ತು. ನೂರೆಂಬತ್ತೊಂದು. ನೂರೆಂಬತ್ತು.
ಆನೆ, ಕೋಟೆ, ಚಮಚ ಒಂದೇ ಎಳೆಯಾಗಿ
ನೆಲದ ಮೇಲೆ ಸುರುಳಿ ಸುತ್ತಿಕೊಂಡವು.

ಸಂಜೆ ಆರಕ್ಕೆ ಅವನು ಸೂಪು ಬಿಸಿ ಮಾಡುತ್ತಾನೆ.
ಐದೂವರೆಗೆ ನಾನು ಯಂತ್ರ ನಿಲ್ಲಿಸಿ ವೈರು ಕಿತ್ತು
ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ಉಪ್ಪು ಕೇಳಲು ಮೂರು ಮಹಡಿ ಹತ್ತುತ್ತೇನೆ.
ಮನೆಯಲ್ಲಿ ಈಗ ಹನ್ನೊಂದು ಪೊಟ್ಟಣ ಉಪ್ಪಿದೆ.